ಗಿರಣಿ ಚಿಮಣಿ ಇರುವ ಮುಂಬಯಿ ಜಲವರ್ಣ: ಎಂಟು ತಿಂಗಳು ಗೋಡೆ ಮೇಲಿಟ್ಟು ನೋಡಿದ ಮೇಲೆ

ಕಳೆದ ಚಳಿಗಾಲ ಇಲ್ಲೇ ಬೆಳಗಾವಿಯ ಒಂದು ಚಿತ್ರಪ್ರದರ್ಶನದಲ್ಲಿ ಕೊಂಡ ಮೂಲಚಿತ್ರ. ಅರ್ಧ ಹಾಳೆ, ಅಂದರೆ 15×22 ಇಂಚು. ಕೊಟ್ಟಿದ್ದು 7,500 ರೂಪಾಯಿ. ಹೈಸ್ಕೂಲಿನಲ್ಲಿ ಚಿತ್ರಕಲೆ ಕಲಿಸುವ ನನಗೆ ಸಣ್ಣ ಮೊತ್ತವಲ್ಲ. ಆದರೂ ಬಿಟ್ಟುಬರಲು ಮನಸ್ಸಾಗಲಿಲ್ಲ.

ಲೋವರ್ ಪರೇಲಿನ ಗಗನಚುಂಬಿ ಕಟ್ಟಡಗಳು ಒಂದರ ಮೈಮೇಲೊಂದು ವಾಲಿಕೊಂಡಿವೆ. ಯಾವ ಗೋಡೆಯೂ ನೆಟ್ಟಗಿಲ್ಲ. 1912ರ ಸುಮಾರಿಗೆ ಅಮೆರಿಕದ ಚಿತ್ರಕಾರ ಜಾನ್ ಮರಿನ್ ನ್ಯೂಯಾರ್ಕಿನ ವೂಲ್‌ವರ್ತ್ ಕಟ್ಟಡವನ್ನು ಜಲವರ್ಣದಲ್ಲಿ ಹೀಗೇ ಓಲಾಡಿಸಿದ್ದರು; ಆ ದಾರಿಯ ಚಿತ್ರ. ಕೆಳಗಿನ ಲೋಕಲ್ ರೈಲು ಒಣ ಕುಂಚದ ಒಂದೇ ಎಳೆತ. ಹತ್ತಿರ ಹೋಗಿ ನೋಡಿದರೆ ಹಾಳೆಯ ಉಬ್ಬುಗಳಿಗಷ್ಟೇ ಬಣ್ಣ ಹತ್ತಿದೆ, ತಗ್ಗುಗಳು ಬಿಳಿಯಾಗೇ ಉಳಿದಿವೆ. ಅದಕ್ಕೇ ರೈಲು ಓಡುತ್ತದೆ. ಕಿಟಕಿಗಳ ಬೆಳಕಿಗೂ ಬಿಳಿ ಬಣ್ಣ ಮುಟ್ಟಿಲ್ಲ, ಹಾಳೆಯನ್ನೇ ಬಿಟ್ಟಿದ್ದಾರೆ. ಬಲಗಡೆ ಕೆಳಮೂಲೆ ಮಾತ್ರ ಕೆಸರಾಗಿದೆ. ಮೊದಲ ಪದರ ಆರುವ ಮುಂಚೆ ಮತ್ತೆ ಕೈಯಾಡಿಸಿದ ಗುರುತು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಎಡಗಡೆಯ ಚಿಮಣಿ. ನೀಲಿ, ಬೂದು ಕಟ್ಟಡಗಳ ನಡುವೆ ಬರ್ಂಟ್ ಸಿಯೆನಾದ, ಅಂದರೆ ಕೆಂಗಂದು ಬಣ್ಣದ, ಒಂದೇ ಕಂಬ. ಅದರ ತುದಿ ಹಸಿ ಆಕಾಶದಲ್ಲಿ ಕರಗಿಹೋಗಿದೆ. ಅಪ್ಪ ಅಲ್ಲಿನ ಬಟ್ಟೆ ಗಿರಣಿಯಲ್ಲಿ ದುಡಿದವರು. 1982ರ ಜನವರಿಯಲ್ಲಿ ಶುರುವಾದ ಮುಷ್ಕರ ಮುಗಿಯುವ ಲಕ್ಷಣ ಕಾಣದಾದಾಗ ಟ್ರಂಕು ಹೊತ್ತು ಊರಿಗೆ ಬಂದರು. ಅವ್ವನೂ ಐದು ವರ್ಷ ಅಲ್ಲೇ ಚಾಳಿನಲ್ಲಿ ಸಂಸಾರ ಮಾಡಿದವಳು. ಚಿತ್ರ ನೋಡಿದ ಕೂಡಲೇ, “ಇದು ಗಿರಣಿ ಚಿಮಣಿ ಅಲ್ಲೇನೋ? ಹೊಗಿ ಯಾಕ ಇಲ್ಲ?” ಅಂದಳು.

“ಗಿರಣಿ ಬಂದ್ ಆಗೇತಲ್ಲವ್ವ.”

ಆಮೇಲೆ ಅವಳು ಬಹಳ ಹೊತ್ತು ನೋಡುತ್ತ ಕೂತಳು.

ಜಲವರ್ಣ ಕೊಳ್ಳುವವರು ಚೌಕಟ್ಟಿನ ವಿಷಯದಲ್ಲಿ ಜೋಪಾನ. ನಾನು ಮೊದಲು ಕೊಟ್ಟ ಅಂಗಡಿಯವರು ಗಾಜನ್ನು ನೇರ ಹಾಳೆಗೇ ಒತ್ತಿಬಿಟ್ಟಿದ್ದರು. ನಮ್ಮ ಬೆಳಗಾವಿ ಮಳೆ ಗೊತ್ತಲ್ಲ. ಜುಲೈನಲ್ಲಿ ಗಾಜಿನ ಒಳಗೆ ನೀರು ಬೆವರಿ ಹಾಳೆ ಅಲೆಯಲೆಯಾಗಿ ಎದ್ದಿತು. ಹೊಟ್ಟೆ ಉರಿಯಿತು. ಬೇರೆ ಕಡೆ ಬಿಚ್ಚಿಸಿ, ನೆರಳಲ್ಲಿ ಒಣಗಿಸಿ, ಸುತ್ತ ಎರಡಿಂಚಿನ ಮೌಂಟ್, ಅಂದರೆ ದಪ್ಪ ರಟ್ಟಿನ ಅಂಚು ಹಾಕಿಸಿ ಗಾಜಿಗೂ ಹಾಳೆಗೂ ಅಂತರ ಬಿಡಿಸಿದೆ. ಮತ್ತೆ 900 ರೂಪಾಯಿ. ಆಕಾಶದಲ್ಲಿ ಒಂದು ಕಲೆ ಉಳಿದುಬಿಟ್ಟಿದೆ, ಚಿಮಣಿಗೆ ಏನೂ ಆಗಿಲ್ಲ. ಈಗ ಬಿಸಿಲು ಬೀಳದ ಗೋಡೆಯಲ್ಲಿ, ಅವ್ವನ ಮಂಚದ ಎದುರಿಗೆ ತೂಗುಹಾಕಿದ್ದೇನೆ.