ಮಾರ್ಕರ್ ಗಟ್ಟಿ, ಜೊತೆಗೆ ಬಂದ ‘ಫುಲ್ ಕಿಟ್’ ಮಾತ್ರ ಕಸ

ಸೆಕೆಂಡ್ ಹ್ಯಾಂಡ್ ಪೇಂಟ್‌ಬಾಲ್ ಮಾರ್ಕರ್ (ಬಣ್ಣದ ಬಾಲ್ ಹಾರಿಸುವ ಗನ್) ಹುಡುಕುತ್ತಿರುವ ಹೊಸಬರಿಗೆ ಮೊದಲೇ ಹೇಳಿಬಿಡುತ್ತೇನೆ. ‘ಗಾಳಿ ಟ್ಯಾಂಕ್, ಮಾಸ್ಕ್, ಬಾಲ್ ಹಾಕುವ ಹಾಪರ್ ಎಲ್ಲಾ ಸೇರಿ ಇಷ್ಟು’ ಅಂತ ಯಾರಾದರೂ ಹೇಳಿದರೆ, ಬರೀ ಮಾರ್ಕರ್‌ಗೆ ಎಷ್ಟು ಅಂತ ಕೇಳಿ. ಉಳಿದದ್ದಕ್ಕೆ ಸೊನ್ನೆ ಬೆಲೆ ಕಟ್ಟಿ. ತಮ್ಮನಿಗೆಂದು ತಂದ ಟಿಪ್‌ಮನ್ 98 ಕಸ್ಟಮ್ ನಮ್ಮಲ್ಲಿ ವರ್ಷ ದಾಟಿ ಓಡುತ್ತಿದೆ, ಅದರ ಮೇಲೆ ನನ್ನ ತಕರಾರು ಬಹಳ ಕಡಿಮೆ. ಅದರ ಜೊತೆ ಬಂದ ಚೀಲದ ಮೇಲಿನ ಸಿಟ್ಟು ಮಾತ್ರ ಇನ್ನೂ ಇಳಿದಿಲ್ಲ.

ಅವನಿಗೆ ಬೇಕಿದ್ದದ್ದು ಎಲೆಕ್ಟ್ರಾನಿಕ್ ಮಾರ್ಕರ್. “ಅಕ್ಕಾ, ಸೆಕೆಂಡಿಗೆ ಹತ್ತು ಬಾಲ್ ಹೊಡೆಯುತ್ತೆ ಕಣೇ!” ಹಾಪರ್‌ನಲ್ಲಿ ಹಿಡಿಯುವುದೇ 200 ಬಾಲ್. ಆ ಲೆಕ್ಕದಲ್ಲಿ ಇಪ್ಪತ್ತು ಸೆಕೆಂಡಿಗೆ ಅದು ಖಾಲಿ. ಈ ಆಟದಲ್ಲಿ ದುಡ್ಡು ಕರಗುವುದು ಗನ್ನಿಗಲ್ಲ, ಪೇಂಟಿಗೆ, ಅಂದರೆ ಬಾಲಿಗೆ. ಮೇಲಾಗಿ ಹಳೆಯ ಎಲೆಕ್ಟ್ರಾನಿಕ್ ಮಾರ್ಕರ್ ಕೆಟ್ಟರೆ ಬ್ಯಾಟರಿಯೋ, ಬೋರ್ಡೋ, ಸೊಲೆನಾಯ್ಡೋ ಅಂತ ಹೊಸಬರು ತಲೆ ಚಚ್ಚಿಕೊಳ್ಳಬೇಕು. 1998ರಲ್ಲಿ ಬಂದ ಮಾಡೆಲ್ 98ರ ವಂಶದ ಈ ಮೆಕ್ಯಾನಿಕಲ್ ಮಾರ್ಕರ್‌ನಲ್ಲಿ ಏನು ಕೆಟ್ಟರೂ ಕಣ್ಣಿಗೆ ಕಾಣುತ್ತದೆ, ಬಿಡಿಭಾಗವೂ ಸಿಗುತ್ತದೆ.

ಮಾರುವಾತನ ಹತ್ತಿರ ಹೋಗುವಾಗ ನನ್ನ ಟ್ಯಾಂಕನ್ನೇ ತುಂಬಿಸಿಕೊಂಡು ಹೋಗಿದ್ದೆ. ನೀವೂ ಹಾಗೇ ಮಾಡಿ, ಇಲ್ಲವೆಂದರೆ ಆಡುವ ಗೆಳೆಯರ ಹತ್ತಿರ ಇಸಿದುಕೊಂಡು ಹೋಗಿ. ಗಾಳಿ ಹಾಕದೆ ತೋರಿಸುವ ಮಾರ್ಕರ್ ಎಲ್ಲವೂ ಚೆನ್ನಾಗಿಯೇ ಕಾಣುತ್ತದೆ. ಟ್ಯಾಂಕ್ ತಿರುಗಿಸಿದಾಗ ಬಾಯಿಯ ಹತ್ತಿರ ಸುಂಯ್ ಅಂದರೆ ಹೆದರಬೇಡಿ, ಬಹುತೇಕ ಅದು ಟ್ಯಾಂಕಿನ 015 ಅಳತೆಯ ಓ-ರಿಂಗ್ (ಗಾಳಿ ಸೋರದಂತೆ ತಡೆಯುವ ಪುಟ್ಟ ಬಳೆ), ಚಿಲ್ಲರೆ ಕಾಸಿನ ಕೆಲಸ. ಬ್ಯಾರೆಲ್ ಒಳಗಿಂದ ಗಾಳಿ ಬಂದರೆ ವಾಲ್ವ್ ಸೀಲ್ ಹೋಗಿದೆ ಅಂತ ಅರ್ಥ, ಬೆಲೆ ಇಳಿಸಿ ಕೇಳಿ. ಆಮೇಲೆ ಸ್ಕ್ರೂಗಳ ತಲೆ ನೋಡಿ. ಅಲೆನ್ ಕೀ ಕೂರುವ ಗುಳಿ ಸವೆದು ದುಂಡಗಾಗಿದ್ದರೆ ಯಾರೋ ಅವಸರದಲ್ಲಿ ಬಿಚ್ಚಿ ಹಾಕಿದ್ದಾರೆ. ನಮ್ಮದರಲ್ಲಿ ಗುಳಿಗಳು ಚೊಕ್ಕವಾಗಿದ್ದವು, ಗಾಳಿ ಎಲ್ಲೂ ಸೋರಲಿಲ್ಲ.

“ಮಾರ್ಕರ್ ಒಂದೇ ಸಾಕು” ಅಂದೆ. “ಬಿಡಿಸಿ ಕೊಡಲ್ಲ, ತಗೊಂಡ್ರೆ ಪೂರ್ತಿ ತಗೊಳ್ಳಿ, ಹೊಸಬರಿಗೆ ಎಲ್ಲಾ ಬೇಕಾಗುತ್ತಲ್ಲ” ಅಂದರು. ಈ ಮಾತು ಕೇಳಿದರೇ ನನಗೆ ಮೈ ಉರಿಯುತ್ತದೆ. ಹೊಸಬರಿಗೆ ಗೊತ್ತಾಗುವುದಿಲ್ಲ ಎಂಬ ಧೈರ್ಯ ಅದರಲ್ಲಿರುವುದು.

ಟ್ಯಾಂಕ್ ನೋಡಿ: ಕಾರ್ಬನ್ ಫೈಬರಿನದು, 4500 ಪಿಎಸ್‌ಐ, ಮೈತುಂಬ ಸ್ಟಿಕರ್. ಒಂದನ್ನು ಉಗುರಿನಿಂದ ಕೆರೆದರೆ ತಯಾರಿಕೆಯ ದಿನಾಂಕ ಹೊರಗೆ ಬಂತು. ಅಮೆರಿಕದ ಸಾರಿಗೆ ಇಲಾಖೆಯ ನಿಯಮದ ಪ್ರಕಾರ ಇಂಥ ಟ್ಯಾಂಕಿಗೆ ಸಾಮಾನ್ಯವಾಗಿ 15 ವರ್ಷ ಆಯಸ್ಸು, ನಡುವೆ 5 ವರ್ಷಕ್ಕೊಮ್ಮೆ ಹೈಡ್ರೋ ಟೆಸ್ಟ್ (ನೀರು ತುಂಬಿ ಒತ್ತಡ ಹಾಕಿ ನೋಡುವ ಪರೀಕ್ಷೆ) ಆಗಬೇಕು. ಇದಕ್ಕೆ ಆಯಸ್ಸೂ ಮುಗಿದಿತ್ತು, ಟೆಸ್ಟಿನ ಗುರುತೂ ಇರಲಿಲ್ಲ. ಗಾಳಿ ತುಂಬಿಸುವವರು ದಿನಾಂಕ ನೋಡಿಯೇ ವಾಪಸ್ ಕೊಡುತ್ತಾರೆ, ಕೊಡಲೇಬೇಕು. 4500 ಪಿಎಸ್‌ಐ ಅಂದರೆ ಒಂದು ಚದರ ಇಂಚಿನ ಮೇಲೆ ಎರಡು ಸಾವಿರ ಕಿಲೋಗಿಂತ ಹೆಚ್ಚು ಭಾರ. ಸ್ಟಿಕರ್ ಅಂಟಿಸಿ ಮುಚ್ಚುವ ವಿಷಯವೇ ಇದು?

ಮಾಸ್ಕ್ ಇನ್ನೂ ಕೆಟ್ಟದು. ಲೆನ್ಸ್ ಮಂಜಾಗಿತ್ತು, ಹಣೆಗೆ ತಾಗುವ ಸ್ಪಂಜು ಬೆರಳಿಟ್ಟರೆ ಪುಡಿ ಉದುರುತ್ತಿತ್ತು. ಯಾವುದರಲ್ಲಿ ಒರೆಸುತ್ತಿದ್ದಿರಿ ಅಂದರೆ, ಕಿಟಕಿ ಗಾಜಿನ ಸ್ಪ್ರೇ ಅಂತೆ! ಲೆನ್ಸಿನ ಪ್ಲಾಸ್ಟಿಕ್ಕಿಗೆ ಅಂಥ ರಾಸಾಯನಿಕವೇ ಶತ್ರು. ಮೈದಾನದಲ್ಲಿ ಬಾಲಿನ ವೇಗದ ಮಿತಿ ಸಾಮಾನ್ಯವಾಗಿ ಸೆಕೆಂಡಿಗೆ 280ರಿಂದ 300 ಅಡಿ, ಅಂದರೆ ಗಂಟೆಗೆ 300 ಕಿಲೋಮೀಟರ್ ದಾಟಿತು. ಅದರ ಮುಂದೆ ಕಣ್ಣಿಗೂ ಬಾಲಿಗೂ ನಡುವೆ ಇರುವುದು ಆ ಲೆನ್ಸ್ ಒಂದೇ. ಮಾಸ್ಕ್ ಹೊಸದೇ ಕೊಳ್ಳಿ, ಪೇಂಟ್‌ಬಾಲ್‌ನಲ್ಲಿ ಕಣ್ಣಿನ ರಕ್ಷಣೆಗೆಂದೇ ಇರುವ ಮಾನದಂಡ ಎಎಸ್‌ಟಿಎಂ ಎಫ್1776ರ ಗುರುತು ಇರುವಂಥದ್ದು. ದುಡ್ಡು ಸಾಲದಿದ್ದರೆ ಮಾರ್ಕರ್ ಬಾಡಿಗೆಗೆ ತೆಗೆದುಕೊಳ್ಳಿ. ಹಳೆಯ ಮಾಸ್ಕನ್ನು ಇನ್ಯಾರೂ ಎತ್ತಿಕೊಳ್ಳದಿರಲಿ ಅಂತ ಲೆನ್ಸಿನ ಮೇಲೆ ಮೊಳೆಯಿಂದ ಅಡ್ಡಡ್ಡ ಗೀಚಿ ಎಸೆದೆ. ಹಾಪರ್ ಬಗ್ಗೆ ಬರೆಯುವುದೇ ದಂಡ. ಒಳಗೆ ಬ್ಯಾಟರಿ ಸೋರಿ ಹಸಿರುಗಟ್ಟಿತ್ತು.

ಇಷ್ಟಾದರೂ ತಂದದ್ದೇಕೆ ಅಂದರೆ, ಮಾರ್ಕರ್ ಒಂದೇ ಆ ಬೆಲೆಗೆ ಸಾಟಿಯಾಗಿತ್ತು. ಮತ್ತೆ ಬಿಚ್ಚಿ ನೋಡಿದ ಸಂಜೆಯಿಂದ ಅದರ ಮೇಲೆ ಪ್ರೀತಿಯೇ ಹುಟ್ಟಿದೆ.

ಆಟ ಮುಗಿದ ಸಂಜೆ ಈಗ ನಮ್ಮದು ಇದೇ ಕಾರ್ಯಕ್ರಮ. ಮೊದಲು ಹಾಪರ್ ತೆಗೆದು, ಒಳಗೆ ಬಾಲ್ ಉಳಿದಿಲ್ಲ ಅಂತ ನೋಡಿ, ಟ್ಯಾಂಕ್ ಬಿಚ್ಚುವುದು. ಮಾಸ್ಕ್ ಹಾಕಿಕೊಂಡೇ ನೆಲದ ಕಡೆ ಹಿಡಿದು, ಉಳಿದ ಗಾಳಿ ಹೋಗುವ ತನಕ ಟ್ರಿಗರ್ ಒತ್ತುವುದು. ಬ್ಯಾರೆಲ್ ತಿರುಗಿಸಿ ತೆಗೆದು ಒಳಗೆ ಸ್ಕ್ವೀಜಿ (ಬ್ಯಾರೆಲ್ ಒರೆಸುವ ಸಾಧನ) ಎಳೆದರೆ ಒಡೆದ ಬಾಲಿನ ಅಂಟು ಬಣ್ಣ ಸುರುಳಿ ಸುರುಳಿಯಾಗಿ ಬರುತ್ತದೆ. ಬಾಲಿನ ಸಿಪ್ಪೆ ಜೆಲಟಿನ್ನಿನದು, ಒಳಗಿನದೂ ನೀರಿನಲ್ಲಿ ಕರಗುವಂಥದ್ದೇ, ಒದ್ದೆ ಬಟ್ಟೆ ಸಾಕು. ಆಮೇಲೆ ಸ್ಕ್ರೂಗಳು: ಎಲ್ಲದರ ಉದ್ದ ಒಂದೇ ಅಲ್ಲ, ಹಾಗಾಗಿ ಯಾವುದು ಎಲ್ಲಿಂದ ಬಂತೋ ಅದೇ ಸಾಲಿನಲ್ಲಿ ತಟ್ಟೆಯಲ್ಲಿ ಜೋಡಿಸುತ್ತೇವೆ. ಮಾರ್ಕರನ್ನು ಪಕ್ಕಕ್ಕೆ ಮಲಗಿಸಿ ಮೇಲಿನ ಅರ್ಧವನ್ನು ಮೆಲ್ಲಗೆ ಎತ್ತಿದರೆ ಯಂತ್ರದ ಹೊಟ್ಟೆ ಪೂರ್ತಿ ಕಾಣುತ್ತದೆ. ಮುಂದಿನ ಬೋಲ್ಟ್, ಹಿಂದಿನ ಬೋಲ್ಟ್, ಎರಡನ್ನೂ ಜೋಡಿಸುವ ತೆಳು ಸರಳು, ನಡುವೆ ವಾಲ್ವ್, ಹಿಂದೆ ಉದ್ದ ಸ್ಪ್ರಿಂಗ್. ಟ್ರಿಗರ್ ಒತ್ತಿದಾಗ ಸ್ಪ್ರಿಂಗ್ ಹಿಂದಿನ ಬೋಲ್ಟನ್ನು ಮುಂದಕ್ಕೆ ದಬ್ಬುತ್ತದೆ, ಅದು ವಾಲ್ವಿಗೆ ಬಡಿಯುತ್ತದೆ, ಗಾಳಿಯ ಒಂದು ಪಾಲು ಬಾಲನ್ನು ಹಾರಿಸಿ ಇನ್ನೊಂದು ಪಾಲು ಬೋಲ್ಟನ್ನು ವಾಪಸ್ ಹಿಂದಕ್ಕೆ ತಳ್ಳುತ್ತದೆ. ಇದನ್ನು ಬೆರಳಿನಿಂದ ಆಡಿಸಿ ತೋರಿಸಿದ ದಿನ ತಮ್ಮ ಮೊದಲ ಸಲ ‘ಸೆಕೆಂಡಿಗೆ ಎಷ್ಟು’ ಅಂತ ಕೇಳಲಿಲ್ಲ.

ಹಿಂದಿನ ಬೋಲ್ಟಿನ ಓ-ರಿಂಗಿಗೆ ಎರಡು ಹನಿ ಎಣ್ಣೆ ಬಿಟ್ಟು ಬೆರಳಲ್ಲಿ ಸುತ್ತ ಸವರುವ ಕೆಲಸ ನನ್ನದೇ. ಅದನ್ನು ಯಾರಿಗೂ ಬಿಟ್ಟುಕೊಡುವುದಿಲ್ಲ, ಅದಕ್ಕೆ ಕಾರಣವೂ ಇದೆ. ಶುರುವಿನಲ್ಲಿ ಒಂದು ಆಟದ ನಡುವೆ ತಮ್ಮ ಒಮ್ಮೆ ಟ್ರಿಗರ್ ಒತ್ತಿದ, ಮಾರ್ಕರ್ ತಾನಾಗಿ ಟಕಟಕಟಕ ಅಂತ ಹೊಡೆಯುತ್ತಲೇ ಹೋಯಿತು. ಟ್ಯಾಂಕಿನಲ್ಲಿ ಗಾಳಿ ಕಡಿಮೆಯಾದಾಗ ಹೀಗಾಗುವುದುಂಟು: ಬೋಲ್ಟ್ ತನ್ನನ್ನು ಹಿಡಿದು ನಿಲ್ಲಿಸುವ ಕೊಂಡಿಗೆ ಸಿಕ್ಕುವಷ್ಟು ಹಿಂದೆ ಹೋಗದೆ ಮತ್ತೆ ಮುಂದಕ್ಕೆ ಬಡಿಯುತ್ತದೆ. ಆದರೆ ಟ್ಯಾಂಕ್ ತುಂಬಿಸಿದ ಮೇಲೂ ಅದೇ ಕತೆ. ಬಿಚ್ಚಿದರೆ ಓ-ರಿಂಗ್ ಒಣಗಿ ಒಂದು ಕಡೆ ಸೀಳು ಬಿಟ್ಟಿತ್ತು. ಹಳೆಯ ಮಾಲೀಕರು ತುಕ್ಕು ಬಿಡಿಸುವ ಸ್ಪ್ರೇಯನ್ನೇ ಎಣ್ಣೆ ಅಂತ ಹೊಡೆಯುತ್ತಿದ್ದರು ಅನ್ನಿಸುತ್ತದೆ, ಒಳಗೆ ಆ ವಾಸನೆ ಇನ್ನೂ ಇತ್ತು. ಹೊಸ ಓ-ರಿಂಗ್ ಹಾಕಿ ಮಾರ್ಕರಿಗೆಂದೇ ಇರುವ ಎಣ್ಣೆ ಬಿಟ್ಟ ಮೇಲೆ ಆ ತೊಂದರೆ ಮರಳಿ ಬಂದಿಲ್ಲ.

ಈ ಮಾರ್ಕರ್ ಸಿಒ2ನಲ್ಲೂ (ಕಾರ್ಬನ್ ಡೈಆಕ್ಸೈಡ್) ನಡೆಯುತ್ತದೆ, ಗಾಳಿಯಲ್ಲೂ ನಡೆಯುತ್ತದೆ. ನಾನು ಗಾಳಿಯನ್ನೇ ಹಾಕಿಸುತ್ತೇನೆ. ಸಿಒ2 ಒತ್ತಡ ಬಿಸಿಲು ಚಳಿಗೆ ಏರಿಳಿಯುತ್ತದೆ, ಬೇಗಬೇಗ ಹೊಡೆದರೆ ಬಾಟಲಿ ತಣ್ಣಗಾಗಿ ಬಾಲಿನ ವೇಗ ಕುಸಿಯುತ್ತದೆ, ದ್ರವರೂಪದ ಸಿಒ2 ಮಾರ್ಕರ್ ಒಳಗೆ ನುಗ್ಗಿದರೆ ಸೀಲ್‌ಗಳಿಗೆ ಕೇಡು. ಎರಡರಲ್ಲಿ ಯಾವುದಾದರೂ ಸರಿ, ಪ್ರತಿ ಸಲ ಆಟಕ್ಕೆ ಮುಂಚೆ ಬಾಲಿನ ವೇಗ ಅಳೆಯುವ ಕ್ರೋನೋಗ್ರಾಫ್ ಮುಂದೆ ನಿಂತು ವೇಗದ ಸ್ಕ್ರೂ ಹೊಂದಿಸಿಕೊಳ್ಳಬೇಕು.

ತಕರಾರು? ಭಾರ. ಸದ್ದು ಜೋರು, ಬೇಲಿಯ ಹಿಂದೆ ಅಡಗಿ ಒಂದು ಬಾಲ್ ಹೊಡೆದರೆ ಎಲ್ಲಿದ್ದೀರಿ ಅಂತ ಎಲ್ಲರಿಗೂ ಗೊತ್ತಾಗುತ್ತದೆ. ಗುರಿಯ ಬಗ್ಗೆ ದೂರುವವರು ಉದ್ದ ಬ್ಯಾರೆಲ್ ಕೊಳ್ಳಲು ಓಡುತ್ತಾರೆ. ಅದಕ್ಕೂ ಮುಂಚೆ ಪೇಂಟ್ ಹೊಸದೋ ನೋಡಿ. ತೇವಕ್ಕೆ ಜೆಲಟಿನ್ ಉಬ್ಬುತ್ತದೆ, ಒಂದೇ ಮಗ್ಗುಲಲ್ಲಿ ಬಿದ್ದಿದ್ದ ಬಾಲ್ ಚಪ್ಪಟೆಯಾಗುತ್ತದೆ, ಅಂಥದ್ದು ಯಾವ ಬ್ಯಾರೆಲ್‌ನಿಂದಲೂ ನೆಟ್ಟಗೆ ಹೋಗುವುದಿಲ್ಲ.

ಇದೇ 98 ಕಸ್ಟಮ್‌ಗೆ ಬೇಗಬೇಗ ಹೊಡೆಸುವ ಎಲೆಕ್ಟ್ರಾನಿಕ್ ಗ್ರಿಪ್ ಕೂಡ ಇದೆ ಅಂತ ತಮ್ಮನಿಗೆ ಮೊನ್ನೆ ಯಾರೋ ಹೇಳಿದ್ದಾರೆ. ಅಂದಿನಿಂದ ಮನೆಯಲ್ಲಿ ಅದೇ ಮಾತು. ಹಾಕಿಸಿಕೋ, ಆದರೆ ಪೇಂಟಿನ ಖರ್ಚು ಇನ್ನು ಮೇಲೆ ನಿನ್ನದೇ ಅಂದಿದ್ದೇನೆ. ಲೆಕ್ಕ ಹಾಕುತ್ತಿದ್ದಾನೆ.