ಜಾರ್‌ನ ಮೂರು ಲೈವ್ ಆಲ್ಬಮ್: ಚೀನಾ, ಹ್ಯೂಸ್ಟನ್, ಲಂಡನ್

ಜಾರ್‌ನ ಎರಡು ಪ್ಲೇಟಿನ ಆಲ್ಬಮ್ ಅದು, ಕವರ್‌ನಿಂದ ತೆಗೆದು ನೋಡಿದರೆ ಒಳಗಿದ್ದ ಎರಡೂ ಪ್ಲೇಟು ಎರಡನೆಯದೇ! ಹಳೇ ರೆಕಾರ್ಡ್ ಮಾರುವ ಅಂಗಡಿಯೊಂದರಲ್ಲಿ ಚೌಕಾಸಿ ಮಾಡಿ ತಂದದ್ದು. ಕವರ್ ಮೂಲೆಯನ್ನು ಗೆದ್ದಲು ತಿಂದಿತ್ತು, ಅದನ್ನೇ ತೋರಿಸಿ ಇನ್ನೂರು ರೂಪಾಯಿ ಇಳಿಸಿಕೊಂಡೆ ಎಂಬ ಖುಷಿಯಲ್ಲಿದ್ದವನು ಪ್ಲೇಟು ಹೊರಗೆ ತೆಗೆದು ನೋಡಲೇ ಇಲ್ಲ. ಮಾರನೇ ವಾರ ವಾಪಸ್ ಒಯ್ದರೆ 'ಹಳೇ ಮಾಲು ಸಾರ್, ನೋಡಿ ತಗೋಬೇಕಿತ್ತು' ಅಂದರು. ಅವರು ಹೇಳಿದ್ದೂ ಸರಿಯೇ ಬಿಡಿ. ಹೀಗಾಗಿ ಎಷ್ಟೋ ತಿಂಗಳು ನನ್ನ ಪಾಲಿಗೆ ಜಾನ್ ಮಿಶೆಲ್ ಜಾರ್‌ನ 'ದಿ ಕಾನ್ಸರ್ಟ್ಸ್ ಇನ್ ಚೈನಾ' ಅಂದರೆ ಇಂಟರ್‌ವಲ್ ಆದಮೇಲೆ ಥಿಯೇಟರಿಗೆ ಹೋಗಿ ನೋಡಿದ ಸಿನಿಮಾ.

ಅಷ್ಟು ಕೇಳಿಯೇ ಸ್ನೇಹಿತರಿಗೆಲ್ಲ ತೀರ್ಪು ಕೊಟ್ಟಿದ್ದೆ: ಜಾರ್‌ನ ಲೈವ್ ಆಲ್ಬಮ್‌ಗಳಲ್ಲಿ ಹ್ಯೂಸ್ಟನ್‌ನದೇ ಮೇಲು, ಮಿಕ್ಕಿದ್ದೆಲ್ಲ ಆಮೇಲೆ. ಮೊನ್ನೆ ಭಾವನ ಮನೆಯ ಅಟ್ಟದಲ್ಲಿ ಚೀನಾ ಆಲ್ಬಮ್‌ನ ಸಿಡಿ ಪೂರ್ತಿ ಸಿಕ್ಕಿತು. ಕೇಳಿದ ಮೇಲೆ ನನ್ನ ತೀರ್ಪಿನ ಮೇಲೆ ನನಗೇ ಅನುಮಾನ ಬಂತು. ಸರಿ, ಮೂರು ಆಲ್ಬಮ್ ಇಟ್ಟುಕೊಂಡು ಮೂರು ವಾರ ಕೂತೆ. ರಾತ್ರಿ ಊಟ ಆದಮೇಲೆ ಹೆಡ್‌ಫೋನ್‌ನಲ್ಲಿ, ಭಾನುವಾರ ಹಾಲ್‌ನ ಸ್ಪೀಕರ್‌ನಲ್ಲಿ.

ಜಾರ್ ಯಾರು ಅಂತ ಗೊತ್ತಿಲ್ಲದವರಿಗೆ ಎರಡು ಮಾತು. 1948ರಲ್ಲಿ ಫ್ರಾನ್ಸಿನ ಲಿಯಾನ್‌ನಲ್ಲಿ ಹುಟ್ಟಿದವನು. ತಂದೆ ಮೋರಿಸ್ ಜಾರ್, ಹಾಲಿವುಡ್‌ನಲ್ಲಿ ದೊಡ್ಡ ಹೆಸರು ಮಾಡಿದ ಸಿನಿಮಾ ಸಂಗೀತಗಾರ. ಮಗ 1976ರಲ್ಲಿ ಮನೆಯಲ್ಲೇ ಕೂತು ಸಿಂಥಸೈಜರ್‌ಗಳಲ್ಲಿ, ಅಂದರೆ ವಿದ್ಯುತ್ತಿನಿಂದ ಸ್ವರ ಹುಟ್ಟಿಸುವ ವಾದ್ಯಗಳಲ್ಲಿ, 'ಆಕ್ಸಿಜನ್' ಆಲ್ಬಮ್ ರೆಕಾರ್ಡ್ ಮಾಡಿದ. ಹಾಡುವವರಿಲ್ಲ, ಸಾಹಿತ್ಯ ಇಲ್ಲ, ಬರೀ ವಾದ್ಯ. ಒಬ್ಬನೇ ಕೋಣೆಯಲ್ಲಿ ಕೂತು ಮಾಡಿದ ಸಂಗೀತ ಇದು, ಅದನ್ನು ಲಕ್ಷಾಂತರ ಜನರ ಮುಂದೆ ನುಡಿಸಬೇಕು ಅಂದರೆ ಏನು ಮಾಡುವುದು? ಅವನು ಕಂಡುಕೊಂಡ ದಾರಿ ಎರಡು. ಒಂದು, ಬೆಳಕು, ಲೇಸರ್, ಪಟಾಕಿ. ಇನ್ನೊಂದು, ಊರಿಗೊಬ್ಬ ಅತಿಥಿ. ಆಲ್ಬಮ್‌ನಲ್ಲಿ ಬೆಳಕು ಕಾಣುವುದಿಲ್ಲ, ಹಾಗಾಗಿ ಕೇಳುವವರಿಗೆ ಉಳಿಯುವುದು ಅತಿಥಿಗಳೇ. ನಾನು ತೂಗಿದ್ದೂ ಅದನ್ನೇ.

ಕಣದಲ್ಲಿದ್ದವು ಇವು. 1981ರ ಅಕ್ಟೋಬರ್‌ನಲ್ಲಿ ಬೀಜಿಂಗ್ ಮತ್ತು ಶಾಂಘೈಯಲ್ಲಿ ನಡೆದ ಐದು ಕಛೇರಿಗಳ ಆಲ್ಬಮ್, ಹೊರಬಂದದ್ದು 1982ರಲ್ಲಿ. 1986ರ ಏಪ್ರಿಲ್ 5ರ ಹ್ಯೂಸ್ಟನ್ ಮತ್ತು ಅಕ್ಟೋಬರ್ 5ರ ಲಿಯಾನ್ ಕಛೇರಿಗಳನ್ನು ಸೇರಿಸಿ 1987ರಲ್ಲಿ ಬಂದ 'ಇನ್ ಕಾನ್ಸರ್ಟ್ ಹ್ಯೂಸ್ಟನ್-ಲಿಯಾನ್'. ಆಮೇಲೆ 1988ರ ಅಕ್ಟೋಬರ್ 8 ಮತ್ತು 9ರಂದು ಲಂಡನ್ನಿನ ಡಾಕ್‌ಲ್ಯಾಂಡ್ಸ್‌ನಲ್ಲಿ ಮಳೆಯಲ್ಲಿ ನೆನೆಯುತ್ತಾ ನಡೆದ ಕಛೇರಿಗಳದ್ದು, 1989ರ 'ಜಾರ್ ಲೈವ್'.

ಮೊದಲು ಒಂದೇ ತುಣುಕು ಎರಡು ಆಲ್ಬಮ್‌ನಲ್ಲಿ ಇರುವುದನ್ನು ಹುಡುಕಿ ಜೋಡಿ ಮಾಡಿ ಕೇಳಿದೆ. ಜಾರ್‌ನ 'ಮ್ಯಾಗ್ನೆಟಿಕ್ ಫೀಲ್ಡ್ಸ್' ಆಲ್ಬಮ್‌ನ ಒಂದನೇ ಭಾಗ ಚೀನಾದಲ್ಲೂ ಇದೆ, ಹ್ಯೂಸ್ಟನ್-ಲಿಯಾನ್‌ನಲ್ಲೂ ಇದೆ. ಚೀನಾದಲ್ಲಿ ಜಾರ್ ಜೊತೆ ಇದ್ದದ್ದು ಬರೀ ಮೂವರು: ಸಿಂಥಸೈಜರ್‌ಗೆ ಡೊಮಿನಿಕ್ ಪೆರಿಯೆ ಮತ್ತು ಫ್ರೆಡೆರಿಕ್ ರೂಸೋ, ಡ್ರಮ್ಸ್‌ಗೆ ರೋಜರ್ ರಿಜಿಟೆಲಿ. ಮೆಷಿನ್ ತನ್ನ ಪಾಡಿಗೆ ತಾಳ ಹಾಕುತ್ತಾ ಹೋಗುತ್ತಿರುವಾಗ ಈ ಡ್ರಮ್ಸ್‌ನವನು ಅದರ ಪಕ್ಕದಲ್ಲೇ ಓಡುತ್ತಾನೆ. ಅಲ್ಲಲ್ಲಿ ಅರ್ಧ ಹೆಜ್ಜೆ ಮುಂದೆ, ಅಲ್ಲಲ್ಲಿ ಹಿಂದೆ. ಹೆಡ್‌ಫೋನ್ ಹಾಕಿಕೊಂಡರೆ ಕೋಲು ಚರ್ಮಕ್ಕೆ ಬಡಿಯುವುದು ಗೊತ್ತಾಗುತ್ತದೆ. ಹ್ಯೂಸ್ಟನ್‌ನಲ್ಲಿ ಅದೇ ತುಣುಕು ಜಾಸ್ತಿ ಅಗಲ, ಜಾಸ್ತಿ ಎತ್ತರ, ಎಲ್ಲ ಕಡೆ ಪ್ರತಿಧ್ವನಿ. ಊರ ಹೊರಗೆ ನಿಂತು ಊರೊಳಗಿನ ಉತ್ಸವ ಕೇಳಿದ ಹಾಗೆ. ಸ್ಪೀಕರ್‌ನಲ್ಲಿ ಹ್ಯೂಸ್ಟನ್ ಗೆಲ್ಲುತ್ತದೆ, ಹೆಡ್‌ಫೋನ್‌ನಲ್ಲಿ ಚೀನಾ.

'ಸುವನೀರ್ ಆಫ್ ಚೈನಾ' ವಿಷಯದಲ್ಲಿ ಸ್ಪರ್ಧೆಯೇ ಇಲ್ಲ. ಚೀನಾ ಆಲ್ಬಮ್‌ನ ಕೊನೆಯಲ್ಲಿರುವುದು ನಿಜ ಹೇಳಬೇಕೆಂದರೆ ಕಛೇರಿಯಲ್ಲಿ ನುಡಿಸಿದ್ದಲ್ಲ, ವಾಪಸ್ ಬಂದ ಮೇಲೆ ಸ್ಟುಡಿಯೋದಲ್ಲಿ ಮಾಡಿದ್ದು. ಅಲ್ಲಿ ತಾಳ ಹಾಕುವುದು ಕ್ಯಾಮೆರಾ! ಶಟರ್ ಕ್ಲಿಕ್ ಎನ್ನುವ ಸದ್ದೇ ತಾಳ, ಮೇಲೆ ನಿಧಾನಕ್ಕೆ ರಾಗ. ಲೈವ್ ಆಲ್ಬಮ್ ಅಂತ ದುಡ್ಡು ತೆಗೆದುಕೊಂಡು ಸ್ಟುಡಿಯೋ ತುಣುಕು ಕೊಡುವುದು ಮೋಸ ಅಂತ ನನ್ನ ಗೆಳೆಯನೊಬ್ಬ ವಾದ ಮಾಡುತ್ತಾನೆ. ಮಾಡಲಿ. ಹ್ಯೂಸ್ಟನ್-ಲಿಯಾನ್‌ನಲ್ಲಿ ಇದನ್ನೇ ಜನರ ಮುಂದೆ ನುಡಿಸಿದ್ದಾನೆ, ಚೆನ್ನಾಗಿಯೇ ಇದೆ, ಆದರೆ ಗುಟ್ಟಾಗಿ ಹೇಳಬೇಕಾದ ಮಾತನ್ನು ಮೈಕ್‌ನಲ್ಲಿ ಹೇಳಿದಂತೆ ಆಗಿದೆ.

ಇನ್ನು ಅತಿಥಿಗಳು.

ಲಂಡನ್ನಿನದು ಬೇಗ ಮುಗಿಸಿಬಿಡುತ್ತೇನೆ. ಅಲ್ಲಿಯ ಅತಿಥಿ ಹ್ಯಾಂಕ್ ಮಾರ್ವಿನ್, 'ದಿ ಶ್ಯಾಡೋಸ್' ತಂಡದ ಗಿಟಾರಿಸ್ಟ್, ಬ್ರಿಟನ್ನಿನ ಒಂದು ಪೀಳಿಗೆಗೆ ಗಿಟಾರ್ ಹಿಡಿಯುವ ಆಸೆ ಹುಟ್ಟಿಸಿದವನು. 'ಲಂಡನ್ ಕಿಡ್' ಎಂಬ ತುಣುಕಿನಲ್ಲಿ ಬರುತ್ತಾನೆ. ಆ ಗಿಟಾರ್ ದನಿ ಇದೆಯಲ್ಲ, ಬೆಲ್ಲದ ಪಾಕ ಎಳೆ ಬಂದ ಹಾಗೆ, ಅದರ ಬಗ್ಗೆ ನನ್ನದೇನೂ ತಕರಾರಿಲ್ಲ. ತಕರಾರು ಜಾರ್ ಮೇಲೆ. ಇದೇ ತುಣುಕನ್ನು ಇದೇ ಮಾರ್ವಿನ್ ಜೊತೆ ಅದೇ ವರ್ಷದ 'ರೆವಲ್ಯೂಷನ್ಸ್' ಸ್ಟುಡಿಯೋ ಆಲ್ಬಮ್‌ನಲ್ಲಿ ಮಾಡಿದ್ದಾನೆ. ಎರಡನ್ನೂ ಒಂದರ ಹಿಂದೆ ಒಂದು ಹಾಕಿ ಕೇಳಿದೆ. ಚಪ್ಪಾಳೆ ಬಿಟ್ಟರೆ ನನಗೆ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ಮದುವೆ ಮನೆಗೆ ದೊಡ್ಡ ಮನುಷ್ಯರನ್ನು ಕರೆದು, ಮೊದಲೇ ಹಾಕಿಟ್ಟ ಕುರ್ಚಿಯಲ್ಲಿ ಕೂರಿಸಿ, ಫೋಟೋ ತೆಗೆಸಿ ಕಳಿಸಿದಂತೆ. ಆವತ್ತು ಅಷ್ಟು ಗಾಳಿ ಮಳೆಯಂತೆ, ನೀರಿನ ಮೇಲೆ ತೇಲುವ ವೇದಿಕೆ ಬೇರೆ. ಆಲ್ಬಮ್‌ನಲ್ಲಿ ಒಂದು ಹನಿಯೂ ನನ್ನ ಕಿವಿಗೆ ಬೀಳಲಿಲ್ಲ. ಹಾಗಂತ ಬಿಸಾಕುವ ಆಲ್ಬಮ್ ಅಲ್ಲ. ಭಾನುವಾರ ಮನೆ ಧೂಳು ಹೊಡೆಯುವಾಗ ಜೋರಾಗಿ ಹಾಕಿದರೆ ಕೆಲಸ ಬೇಗ ಆಗುತ್ತದೆ, ಪ್ರಯೋಗ ಮಾಡಿ ಹೇಳುತ್ತಿದ್ದೇನೆ.

ಹ್ಯೂಸ್ಟನ್‌ನದು ಬೇರೆಯೇ ಕಥೆ. ಅಲ್ಲಿಗೆ ಬರಬೇಕಿದ್ದ ಅತಿಥಿ ಬರಲೇ ಇಲ್ಲ.

ರಾನ್ ಮೆಕ್‌ನೇರ್ ನಾಸಾದ ಗಗನಯಾತ್ರಿ, ಭೌತಶಾಸ್ತ್ರ ಓದಿದವರು, ಸ್ಯಾಕ್ಸೊಫೋನ್ ನುಡಿಸುತ್ತಿದ್ದರು. ಜಾರ್ ಅವರಿಗಾಗಿ ಒಂದು ತುಣುಕು ಬರೆದಿದ್ದ. ಅದನ್ನು ಅವರು ಬಾಹ್ಯಾಕಾಶದಿಂದಲೇ ನುಡಿಸಬೇಕು ಎಂಬುದು ಯೋಜನೆ. 1986ರ ಜನವರಿ 28ರಂದು ಅವರಿದ್ದ ಚಾಲೆಂಜರ್ ಗಗನನೌಕೆ ಹಾರಿದ 73 ಸೆಕೆಂಡಿಗೆ ಒಡೆದು ಚೂರಾಯಿತು. ಏಳೂ ಜನ ಹೋದರು, ಮೆಕ್‌ನೇರ್ ಕೂಡ. ಎರಡು ತಿಂಗಳ ಮೇಲೆ ಹ್ಯೂಸ್ಟನ್‌ನಲ್ಲಿ, ಬಹುಮಹಡಿ ಕಟ್ಟಡಗಳನ್ನೇ ಪರದೆ ಮಾಡಿಕೊಂಡು, ಹತ್ತು ಲಕ್ಷಕ್ಕೂ ಹೆಚ್ಚು ಜನರ ಮುಂದೆ ಕಛೇರಿ ನಡೆಯಿತು. ಮೆಕ್‌ನೇರ್ ನುಡಿಸಬೇಕಾಗಿದ್ದನ್ನು ಕರ್ಕ್ ವೇಲಮ್ ಎಂಬ ಜಾಝ್ ವಾದಕ ನುಡಿಸಿದ. ಆ ತುಣುಕಿಗೆ ಈಗ 'ರಾನ್ಸ್ ಪೀಸ್' ಎಂದೇ ಹೆಸರು.

ಸ್ಯಾಕ್ಸೊಫೋನ್ ಅಂದರೆ ನನಗೆ ಕದ್ರಿ ಗೋಪಾಲನಾಥ್ ಅವರದು, ಬೇರೆಯವರದು ಕೇಳುವಾಗ ಕಿವಿ ತನ್ನಷ್ಟಕ್ಕೆ ತಾನೇ ಗಮಕ ಹುಡುಕುತ್ತದೆ. ಇಲ್ಲಿ ಗಮಕ ಇಲ್ಲ. ಒಂದು ಸ್ವರ ಹಿಡಿದು, ಉಸಿರು ಮುಗಿಯುವ ತನಕ ಎಳೆದು, ಬಿಡುತ್ತಾನೆ. ಆಮೇಲೆ ಇನ್ನೊಂದು. ಹಿಂದೆ ಎದೆಬಡಿತದಂಥ ಸದ್ದು. ಮೊದಲ ಸಲ ಕೇಳಿದಾಗ ಕಥೆ ಗೊತ್ತಿರಲಿಲ್ಲ, ಸುಮ್ನೆ ಚೆನ್ನಾಗಿದೆ ಅನಿಸಿತ್ತು. ಗೊತ್ತಾದ ಮೇಲೆ ಕೇಳಿದಾಗ ನೀರು ಕುಡಿಯಲು ಎದ್ದವನು ಲೋಟ ಹಿಡಿದುಕೊಂಡು ಅಲ್ಲೇ ನಿಂತಿದ್ದೆ. ನನ್ನ ಹಳೇ ತೀರ್ಪಿನ ಮುಕ್ಕಾಲು ಭಾಗ ಈ ಒಂದು ತುಣುಕಿನದೇ.

ಆದರೆ ಈ ಸಲ ಆಲ್ಬಮ್ ನಿಲ್ಲಿಸದೆ ಕೇಳಿದೆನಲ್ಲ, ಆಗ ಒಂದು ಚುಚ್ಚಿತು. 'ರಾನ್ಸ್ ಪೀಸ್' ಮುಗಿದ ಕೂಡಲೇ ಬರುವುದು 'ರಾಂದೆವೂ'ನ ನಾಲ್ಕನೇ ಭಾಗ. ಅದು ಜಾತ್ರೆಯಲ್ಲಿ ತೊಟ್ಟಿಲು ತಿರುಗುವಾಗ ಹಾಕುವಂಥ ಕುಣಿಯುವ ರಾಗ. ಸಾವಿನ ಮನೆಯಿಂದ ಬಂದು ಕಾಲು ತೊಳೆಯುವಷ್ಟೂ ಹೊತ್ತು ಕೊಡದೆ ತೊಟ್ಟಿಲಿಗೆ ಹತ್ತಿಸಿದಂತೆ ಆಯಿತು. ಇದೇ ನಾಲ್ಕನೇ ಭಾಗ ಲಂಡನ್ ಆಲ್ಬಮ್‌ನಲ್ಲೂ ಇದೆ. ಅಲ್ಲಿ ಅದಕ್ಕೆ ಬೆನ್ನಿಗೆ ಭಾರವಿಲ್ಲ, ಹಾಗಾಗಿ ಅಲ್ಲೇ ಚೆನ್ನಾಗಿ ಕುಣಿಯುತ್ತದೆ. ಲಂಡನ್ ಗೆದ್ದ ಒಂದೇ ಪಂದ್ಯ ಇದು.

ಲೇಸರ್ ಹಾರ್ಪ್ ಬಗ್ಗೆಯೂ ಹೇಳಬೇಕು. ನೆಲದಿಂದ ಎದ್ದ ಬೆಳಕಿನ ಗೆರೆಗಳನ್ನು ಕೈಯಿಂದ ತಡೆದರೆ ಸ್ವರ ಹೊರಡುವ ವಾದ್ಯ ಅದು. ಜಾರ್ ಅದನ್ನು ಮೊದಲು ಜನರ ಮುಂದೆ ತಂದದ್ದು ಚೀನಾದಲ್ಲಿ. ಹ್ಯೂಸ್ಟನ್ ಹೊತ್ತಿಗೆ ಅದಕ್ಕೆ ಎಲ್ಕಾ ಸಿಂಥೆಕ್ಸ್ ಎಂಬ ಸಿಂಥಸೈಜರ್‌ನ ಗುರ್ ಎನ್ನುವ ದಪ್ಪ ದನಿ ಬಂದಿತ್ತು. ನೋಡಿದವರು ಬಾಯಿ ಬಿಟ್ಟಿರಬೇಕು. ಆಡಿಯೋದಲ್ಲಿ ಮಾತ್ರ ಯಕ್ಷಗಾನವನ್ನು ರೇಡಿಯೋದಲ್ಲಿ ಕೇಳಿದ ಹಾಗೆ, ಕುಣಿತವೆಲ್ಲ ನೀವೇ ಊಹಿಸಿಕೊಳ್ಳಬೇಕು. ಅಂಕ ಕೊಡಲಿಲ್ಲ.

ಈಗ ನನ್ನ ಹತ್ತಿರ ಇಲ್ಲದಿದ್ದ ಆ ಮೊದಲ ಪ್ಲೇಟಿಗೆ ಬರೋಣ. ಅದರ ಎರಡನೇ ಬದಿಯಲ್ಲಿ 'ಫಿಶಿಂಗ್ ಜಂಕ್ಸ್ ಅಟ್ ಸನ್‌ಸೆಟ್' ಎಂಬ ತುಣುಕಿದೆ. ಸಂಜೆ ಮೀನು ಹಿಡಿದು ವಾಪಸ್ ಬರುವ ದೋಣಿಗಳದ್ದು, ಚೀನಾದಲ್ಲಿ ಗೂಜಂಗ್ ಕಲಿತವರೆಲ್ಲ ನುಡಿಸುವಂಥ ರಚನೆ. ಗೂಜಂಗ್ ಅಂದರೆ ಮಂಚದ ಹಲಗೆಯಷ್ಟು ಉದ್ದದ ಮೀಟುವ ತಂತಿವಾದ್ಯ, ಸ್ವರಮಂಡಲ ನೋಡಿದವರು ಅದನ್ನೇ ಹಿಗ್ಗಿಸಿ ಅಂದಾಜು ಮಾಡಬಹುದು. ಇಲ್ಲಿ ಅತಿಥಿ ಅಂದರೆ ಒಬ್ಬರಲ್ಲ, ಬೀಜಿಂಗ್‌ನ ಸಂಗೀತ ಶಾಲೆಯ ಇಡೀ ವಾದ್ಯವೃಂದ. ಒಂಬತ್ತು ನಿಮಿಷಕ್ಕೂ ಜಾಸ್ತಿ ಇದೆ.

ಒಂದು ಭಾನುವಾರ ಇದನ್ನು ಹಾಲ್‌ನಲ್ಲಿ ಹಾಕಿದ್ದೆ. ಅಮ್ಮ ಅಡುಗೆಮನೆ ಬಾಗಿಲಲ್ಲಿ ಕೂತು ನೆನೆಸಿದ ಅವರೆಕಾಳು ಹಿಸುಕುತ್ತಿದ್ದರು. ಈ ಮೂರು ವಾರ ನನ್ನ ಯಾವ 'ಗುಂಯ್ ಗುಂಯ್'ಗೂ ತಲೆ ಎತ್ತದಿದ್ದವರು ಕೈ ನಿಲ್ಲಿಸಿದರು.

'ಇದು ಮೋಹನ ರಾಗ ಅಲ್ವೇನೋ? ಯಾರ ಕಛೇರಿ?'

'ಚೀನಾದವರದಮ್ಮ.'

'ಅವರಿಗೂ ಮೋಹನ ಇದೆಯಾ!' ಅಂದವರು ಸ್ವಲ್ಪ ಹೊತ್ತು ಕೇಳಿ, 'ಹಿಂದೆ ಹಿಡಿದಿದಾನಲ್ಲ, ಅದು ಶ್ರುತಿ ಪೆಟ್ಟಿಗೆಯಾ?' ಅಂದರು.

ಆ ಶ್ರುತಿ ಪೆಟ್ಟಿಗೆಯೇ ಜಾರ್!

ಅಮ್ಮ ಹೇಳಿದ್ದರಲ್ಲಿ ತಪ್ಪಿಲ್ಲ. ಸರಿಗಪದ, ಐದೇ ಸ್ವರ, ನಮ್ಮ ಮೋಹನದವೇ. ರಾಗದ ಚಲನೆ ನಮ್ಮದಲ್ಲ, ಆದರೆ ಮನೆ ಒಂದೇ. ತಂತಿ ಮೀಟಿದ ಮೇಲೆ ಎಡಗೈಯಲ್ಲಿ ಅದನ್ನು ಒತ್ತಿ ಸ್ವರವನ್ನು ಬಗ್ಗಿಸುತ್ತಾರೆ, ಅದಂತೂ ನಮ್ಮ ಕಿವಿಗೆ ನೇರ ಗಮಕವೇ. ಇಷ್ಟೆಲ್ಲ ನಡೆಯುವಾಗ ಸಿಂಥಸೈಜರ್‌ಗಳ ಯಜಮಾನ, ಅಷ್ಟು ದೂರದಿಂದ ಅಷ್ಟೊಂದು ಸಾಮಾನು ಹೊತ್ತು ಹೋದವನು, ತನ್ನದೇ ಕಛೇರಿಯಲ್ಲಿ, ತನ್ನದೇ ಆಲ್ಬಮ್‌ನಲ್ಲಿ, ಬಹುಪಾಲು ಹೊತ್ತು ಹಿಂದೆ ಕೂತು ಶ್ರುತಿ ಹಿಡಿದಿದ್ದಾನೆ. ನಮ್ಮ ಕಛೇರಿಗಳಲ್ಲಿ ತನಿ ಬಿಟ್ಟಾಗ ಹಾಡುವವರು ಸುಮ್ನೆ ಕೈಯಲ್ಲಿ ತಾಳ ಹಾಕುತ್ತಾ ಮೃದಂಗದವರ ಮುಖ ನೋಡುತ್ತಾ ಕೂರುತ್ತಾರಲ್ವಾ, ಆ ರೀತಿ. ಲಂಡನ್‌ನಲ್ಲಿ ಇದು ಆಗಲಿಲ್ಲ. ಹ್ಯೂಸ್ಟನ್‌ನಲ್ಲಿ ಆಯಿತು, ಆದರೆ ಸಾವು ಬಂದು ಜಾಗ ಖಾಲಿ ಮಾಡಿಸಿದ್ದರಿಂದ. ಬೀಜಿಂಗ್‌ನಲ್ಲಿ ಅವನೇ ಎದ್ದು ಬಿಟ್ಟುಕೊಟ್ಟ. ಮುಗಿದ ಮೇಲೆ 'ಬ್ಯಾಂಡ್ ಇನ್ ದ ರೇನ್' ಎಂಬ ಒಂದೂವರೆ ನಿಮಿಷದ ಚಿಕ್ಕ ತುಣುಕು ಬೇರೆ ಇದೆ, ಆಮೇಲೆ 'ಇಕ್ವಿನಾಕ್ಸ್' ಏಳನೇ ಭಾಗ ಶುರುವಾಗಿ ಮೆಷಿನ್‌ಗಳು ಮತ್ತೆ ತಮ್ಮ ಕೆಲಸಕ್ಕೆ ಹತ್ತುತ್ತವೆ. ಉಸಿರಾಡಲು ಜಾಗ ಕೊಟ್ಟು ಮುಂದೆ ಹೋಗುವುದು ಅಂದರೆ ಹೀಗೆ.

ಚೀನಾ ಆಲ್ಬಮ್‌ನಲ್ಲಿ ಕುಂದು ಇಲ್ಲ ಅಂತಲ್ಲ. 'ಲಾಸ್ಟ್ ರುಂಬಾ' ನನಗೆ ಇಂದಿಗೂ ಯಾಕಿದೆ ಅಂತ ಅರ್ಥವಾಗಿಲ್ಲ, ಹೋಟೆಲ್ ಲಿಫ್ಟ್‌ನಲ್ಲಿ ಹಾಕಿದ ಹಾಗಿದೆ. ಎರಡನೇ ಪ್ಲೇಟಿನ ಮಧ್ಯದಲ್ಲಿ ಸ್ವಲ್ಪ ಜೋಲು ಬೀಳುತ್ತದೆ, ಆ ಪ್ಲೇಟನ್ನು ನನ್ನಷ್ಟು ಸಲ ಕೇಳಿದವರು ಈ ಊರಲ್ಲಿ ಇನ್ನೊಬ್ಬರಿರಲಾರರು, ಹಾಗಾಗಿ ಧೈರ್ಯವಾಗಿ ಹೇಳುತ್ತೇನೆ.

ಒಂದೇ ತೆಗೆದುಕೊಳ್ಳುತ್ತೀರಾದರೆ ಚೀನಾ ತೆಗೆದುಕೊಳ್ಳಿ. ಹ್ಯೂಸ್ಟನ್‌ನಿಂದ 'ರಾನ್ಸ್ ಪೀಸ್' ಒಂದನ್ನು ಕೇಳಿ, ಮುಗಿದ ಕೂಡಲೇ ನಿಲ್ಲಿಸಿ. ಲಂಡನ್ ಧೂಳು ಹೊಡೆಯುವ ದಿನಕ್ಕೆ.

ಇನ್ನೊಂದು ವಿಷಯ. ನನ್ನ ಕವರ್‌ನಲ್ಲಿ ಎರಡನೇ ಪ್ಲೇಟೇ ಎರಡಿವೆ ಅಂದರೆ ಎಲ್ಲೋ ಒಬ್ಬರ ಮನೆಯಲ್ಲಿ ಮೊದಲನೆಯದೇ ಎರಡಿರಬೇಕು. ಅದು ನೀವೇ ಆಗಿದ್ದರೆ ದಯವಿಟ್ಟು ಹೇಳಿ, ಬದಲಾಯಿಸಿಕೊಳ್ಳೋಣ. ಕವರ್ ಮಾತ್ರ ಕೊಡಲ್ಲ, ಗೆದ್ದಲು ತಿಂದಿದ್ದರೂ.