ಕೌಲ್ ಬಜಾರ್ ಗ್ಯಾರೇಜ್‌ನಾಗೆ ಆಯಿಲ್ ಕಂಟ್ರೋಲ್ ವಾಲ್ವ್ ಕೆಲಸ ಮಾಡ್ಸಿದ್ದು

ಬಳ್ಳಾರಿ ಕಡೆ ಪೆಟ್ರೋಲ್ ಕಾರ್ ಇಟ್ಕೊಂಡವ್ರಿಗೆ ಉಪಯೋಗ ಆಗ್ಲಿ ಅಂತ ಬರೀತಿದೀನಿ, ಸ್ವಲ್ಪ ಉದ್ದ ಆಗ್ತೈತೆ ಓದ್ರಿ. ಕೌಲ್ ಬಜಾರ್ ಕಡೆ ಒಂದು ಗಲ್ಲಿಯೊಳಗೆ ಬೋರ್ಡೇ ಇಲ್ಲದ ಗ್ಯಾರೇಜು, ತಗಡಿನ ಶೆಡ್ಡು, ಮುಂದೆ ಬೇವಿನ ಮರ, ಒಂದು ಸಲಕ್ಕೆ ಎರಡು ಗಾಡಿ ನಿಲ್ತಾವೆ ಅಷ್ಟೇ. ಭಾಯ್ ಒಬ್ರು, ಕೈಕೆಳಗೆ ಇಬ್ರು ಹುಡುಗ್ರು. ಮೂರು ತಿಂಗಳು ನನ್ನ ತಲೆ ತಿಂದಿದ್ದ ಪ್ರಾಬ್ಲಮ್ಮನ್ನ ಅವ್ರು ಒಂದೇ ದಿನದಾಗ ಹಿಡಿದು ಕೈಯಾಗೆ ಇಟ್ಟು ತೋರ್ಸಿದ್ರು.

ನಂದು 2014ರ ಗಾಡಿ, 1.2 ಲೀಟರ್ ಪೆಟ್ರೋಲ್, 92 ಸಾವಿರ ಓಡೈತೆ. ದಿನಾ ಕುಡಿತಿನಿ ಊರಿನ ಮೇಲೆ ಹಾದು ತೋರಣಗಲ್ಲಿಗೆ ಡ್ಯೂಟಿಗೆ ಹೋಗ್ತೀನಿ, ಲಾರಿಗಳ ಹಿಂದೆ ಕೆಂಪು ಧೂಳು ಕುಡ್ಕೊಂಡು ಹೋಗೋ ದಾರಿ ಅದು, ಓಡಾಡೋರಿಗೆ ಗೊತ್ತು. ಫೆಬ್ರವರಿಯಿಂದ ಶುರುವಾಯ್ತು ನೋಡ್ರಿ, ಹೈವೇದಾಗೆ ಏನೂ ಅನ್ಸಲ್ಲ, ಊರೊಳಗೆ ಬಂದು ರಾಯಲ್ ಸರ್ಕಲ್‌ನಾಗೆ ನಿಂತ್ರೆ ಸಾಕು ಎಂಜಿನ್ ಕುಂಟಾಕ ಶುರು, ಆರ್‌ಪಿಎಂ ಮುಳ್ಳು ಮೇಲೆ ಕೆಳಗೆ ಆಡ್ತೈತೆ, ಸ್ಟೇರಿಂಗ್ ಗಡಗಡ, ಎರಡು ಸಲ ನಡುರಸ್ತೆಯಾಗೆ ಆಫೇ ಆಯ್ತು, ಒಂದು ಸಲ ಹಿಂದೆ ಅವ್ವ ಕೂತಿದ್ರು, 42 ಡಿಗ್ರಿ ಬಿಸಿಲಾಗೆ ಎಸಿ ಇಲ್ದೆ ಅವ್ರ ಮುಖ ಕೆಂಪಗಾಗಿದ್ದು ನೋಡಿ ಭಾಳ ಬೇಜಾರಾಯ್ತು. ಮೈಲೇಜು 17 ಕೊಡ್ತಿದ್ದ ಗಾಡಿ 13ಕ್ಕೆ ಇಳೀತು. ಚೆಕ್ ಎಂಜಿನ್ ಲೈಟು ಬಂದು ಕೂತೇ ಬಿಡ್ತು.

ಮೊದಲು ಹೋದ ಕಡೆ ಸ್ಕ್ಯಾನರ್ ಹಾಕಿದ್ರು, ಪಿ0011 ಅಂತ ಕೋಡ್ ಬಂತು. ಇನ್‌ಟೇಕ್ ಕ್ಯಾಮ್‌ಶಾಫ್ಟಿನ ಟೈಮಿಂಗ್ ಬೇಕಾದ್ದಕ್ಕಿಂತ ಮುಂದೆ ಹೋಗೈತೆ ಅಂತ ಅದರ ಅರ್ಥ. ಕ್ಯಾಮ್‌ಶಾಫ್ಟು ಅಂದ್ರೆ ಎಂಜಿನ್ನಿನ ವಾಲ್ವ್‌ಗಳನ್ನ ತೆರೆಯೋ ಕಂಬಿ, ಇನ್‌ಟೇಕಿಂದು ಗಾಳಿ ಒಳಗೆ ಬಿಡೋ ವಾಲ್ವ್‌ಗಳಿಗೆ. ಅಷ್ಟು ನೋಡಿದ್ದೇ ತಡ, ವಿವಿಟಿ ಗೇರು (ಕ್ಯಾಮ್ ಟೈಮಿಂಗ್ ಹಿಂದೆ ಮುಂದೆ ಮಾಡೋ ಗೇರು), ಟೈಮಿಂಗ್ ಚೈನು, ಅದನ್ನ ಬಿಗಿ ಹಿಡಿಯೋ ಟೆನ್ಷನರು ಪೂರ್ತಿ ಸೆಟ್ ಹೊಡೀಬೇಕು, 38 ಸಾವಿರ ಆಗ್ತೈತೆ ಅಂದ್ರು. ಬಾನೆಟ್ ಒಳಗೆ ಒಂದು ಬೋಲ್ಟ್ ಕೂಡ ಬಿಚ್ಚಿರ್ಲಿಲ್ಲ! ಎರಡನೇ ಕಡೆ ಪ್ಲಗ್ ಬದಲಿಸಿ ಕೋಡ್ ಅಳಿಸಿ ಕಳಿಸಿದ್ರು, ಎರಡು ದಿನಕ್ಕೆ ಲೈಟ್ ವಾಪಸ್.

ಆಮೇಲೆ ನಮ್ಮ ಪ್ಲಾಂಟಿನ ಡ್ರೈವರಣ್ಣ ಒಬ್ರು ಈ ಭಾಯ್ ಹತ್ರ ಕಳಿಸಿದ್ರು. ಭಾಯ್ ಸ್ಕ್ಯಾನರ್ ತೆಗೀಲಿಲ್ಲ, ಮೊದಲು ಡಿಪ್‌ಸ್ಟಿಕ್ ಎಳೆದು ಆಯಿಲ್ಲನ್ನ ಬೆರಳಾಗೆ ಉಜ್ಜಿ ನೋಡಿದ್ರು, "ಸಾರ್, ಹೋದ ಸಲ ಯಾವ ಆಯಿಲ್ ಹಾಕ್ಸಿದ್ರಿ?" ಅಂದ್ರು. ಫೋನಾಗೆ ಬಿಲ್ ಇತ್ತು, ತೋರ್ಸಿದೆ, 20ಡಬ್ಲ್ಯೂ50. ಗಾಡಿ ಪುಸ್ತಕದಾಗೆ ಇರೋದು 5ಡಬ್ಲ್ಯೂ30. ನಮ್ಮ ಕಡೆ ಬಿಸಿಲು ಜಾಸ್ತಿ, ದಪ್ಪ ಆಯಿಲ್ ಹಾಕಿದ್ರೆ ಎಂಜಿನ್‌ಗೆ ಒಳ್ಳೇದು ಅಂತ ಹೇಳಿ ಹಾಕಿದ್ರು, ನಾನೂ ಹೂಂ ಅಂದಿದ್ದೆ. ಹಳೇ ಎಂಜಿನ್‌ಗಳಿಗೆ ಅದು ನಡೀತಿತ್ತು, ಇದಕ್ಕೆ ನಡೆಯಲ್ಲ ಅಂತ ಭಾಯ್ ಹೇಳಿದ ರೀತಿ ನಂಗೆ ಭಾಳ ಹಿಡಿಸ್ತು, ಅದನ್ನ ಹಂಗೇ ಹೇಳ್ತೀನಿ.

ಈ ಎಂಜಿನ್‌ನಾಗೆ ಆಯಿಲ್ ಬರೀ ಜಾರಿಕೆಗೆ ಇರೋದಲ್ಲ, ಕೆಲಸಗಾರನೂ ಹೌದು. ಕ್ಯಾಮ್‌ಶಾಫ್ಟಿನ ತುದಿ ಗೇರ್ ಒಳಗೆ ರೆಕ್ಕೆ ಥರ ಒಂದು ಭಾಗ ಐತೆ, ಅದರ ಎರಡೂ ಮಗ್ಗುಲಿಗೆ ಸಣ್ಣ ಸಣ್ಣ ಖಾನೆ. ಈ ಖಾನೆಗೆ ಆಯಿಲ್ ಪ್ರೆಷರ್ ಕೊಟ್ರೆ ಕ್ಯಾಮ್ ಮುಂದಕ್ಕೆ ತಿರುಗ್ತೈತೆ, ಎಂಜಿನ್ನಿನ ಇನ್‌ಟೇಕ್ ವಾಲ್ವ್ ಬೇಗ ತೆರೀತಾವೆ, ಆ ಖಾನೆಗೆ ಕೊಟ್ರೆ ಹಿಂದಕ್ಕೆ. ಯಾವ ಕಡೆ ಎಷ್ಟು ಬಿಡ್ಬೇಕು ಅನ್ನೋದನ್ನ ಮಾಡೋದೇ ಆಯಿಲ್ ಕಂಟ್ರೋಲ್ ವಾಲ್ವು. "ಕಾಲುವೆ ತೂಬು ನೋಡೀರಲ್ಲ ಸಾರ್, ಹಂಗೆ, ಎಡದ ಹೊಲಕ್ಕೋ ಬಲದ ಹೊಲಕ್ಕೋ, ನಡುವೆ ನಿಲ್ಲಿಸಿದ್ರೆ ಎರಡೂ ಬಂದ್" ಅಂದ್ರು. ತುಂಗಭದ್ರಾ ಕಾಲುವೆ ನೀರಿನ ಮೇಲೆ ಬೆಳೆದ ಮನೆಯವನು ನಾನು, ತಟ್ಟನೆ ಅರ್ಥ ಆಯ್ತು. ಆ ತೂಬು ಎತ್ತೋದು ಇಳಿಸೋದು ಕೈಯಿಂದ ಅಲ್ಲ, ಇಸಿಯು, ಅಂದ್ರೆ ಎಂಜಿನ್ ನಡೆಸೋ ಕಂಪ್ಯೂಟರು, ಸೆಕೆಂಡಿಗೆ ನೂರಾರು ಸಲ ಕರೆಂಟ್ ಆನ್ ಆಫ್ ಮಾಡ್ತೈತೆ, ಆನ್ ಇರೋ ಹೊತ್ತು ಎಷ್ಟು ಅನ್ನೋದ್ರ ಮೇಲೆ ಒಳಗಿನ ಕಡ್ಡಿ ಅಷ್ಟಷ್ಟೇ ಸರೀತೈತೆ. ಈಗ ಆಯಿಲ್ ದಪ್ಪ ಇದ್ರೆ, ಇಲ್ಲಾ ಕಸ ಇದ್ರೆ, ಇಸಿಯು ಎಷ್ಟು ಹೇಳಿದ್ರೂ ಕ್ಯಾಮ್ ಹೇಳಿದ ಜಾಗಕ್ಕೆ ಬರಲ್ಲ. ಸಿಗ್ನಲ್‌ನಾಗೆ ನಿಂತಾಗ ಕ್ಯಾಮ್ ಹಿಂದಕ್ಕೆ ಬಂದು ಕೂರ್ಬೇಕು, ಬರ್ದೆ ಮುಂದೇ ಉಳ್ಕೊಂಡ್ರೆ ಸುಟ್ಟ ಗಾಳಿ ಹೋಗೋಕ್ಕಿಂತ ಮೊದ್ಲೇ ಇನ್‌ಟೇಕ್ ತೆರೀತೈತೆ, ಸುಟ್ಟ ಗಾಳಿ ವಾಪಸ್ ಒಳಗೆ ಸೇರಿ ಎಂಜಿನ್ ಕುಂಟ್ತೈತೆ. ನನ್ನ ರಾಯಲ್ ಸರ್ಕಲ್ ಕಥೆ ಪೂರ್ತಿ ಇಷ್ಟೇ!

ಎಂಜಿನ್ ತಣ್ಣಗಾಗ್ಲಿ ಅಂತ ಒಂದೂವರೆ ತಾಸು ಕೂಡ್ಸಿದ್ರು. ಆಮೇಲೆ ಕನೆಕ್ಟರ್ ಎಳೆದು, ಒಂದೇ ಒಂದು 10 ನಂಬರ್ ಬೋಲ್ಟ್ ಬಿಚ್ಚಿ, ಮೆಲ್ಲಗೆ ತಿರುವಿ ತಿರುವಿ ವಾಲ್ವ್ ಹೊರಗೆ ತೆಗೆದ್ರು. ನಮ್ಮ ಹೆಬ್ಬೆರಳಿಗಿಂತ ಸ್ವಲ್ಪ ಉದ್ದ, ಹೊಟ್ಟೆ ಮೇಲೆ ಸುತ್ತ ಖಾಂಚು, ಖಾಂಚಿನಾಗೆ ಸೊಳ್ಳೆಪರದೆಗಿಂತ ಸಣ್ಣ ಜಾಲರಿ. ಆ ಜಾಲರಿಗೆ ಕಪ್ಪು ಜಿಡ್ಡು ಮೆತ್ಕೊಂಡಿತ್ತು. ಮೀಟರ್ ಹಚ್ಚಿದ್ರು, 7.4 ಓಮ್ ಬಂತು, ಕಡ್ಡಿ ಸರಿಸೋ ತಂತಿ ಸುರುಳಿ, ಕಾಯಿಲ್, ಚೆನ್ನಾಗೈತೆ ಅಂದ್ರು. ಬ್ಯಾಟರಿಯಿಂದ ಎರಡು ವೈರ್ ತಂದು ಒಂದು ಕ್ಷಣ ಮುಟ್ಟಿಸಿದ್ರು, ಟಕ್ ಅಂತ ಕಡ್ಡಿ ಜಿಗೀಬೇಕಂತೆ, ಸದ್ದೇ ಇಲ್ಲ. ಹುಡುಗನ ಕೈಯಿಂದ ಟಾರ್ಚ್ ಇಸ್ಕೊಂಡು ಒಳಗೆ ನೋಡಿ ಚಿಮಟದಾಗೆ ಏನೋ ಎಳೆದು ನನ್ನ ಅಂಗೈ ಮೇಲೆ ಇಟ್ರು. ಅಕ್ಕಿ ಕಾಳಿನ ಅರ್ಧ ಸೈಜು, ಕೆಂಪಗೆ, ರಬ್ಬರ್ ಥರ ಮೆತ್ತಗೆ. ಗ್ಯಾಸ್ಕೆಟ್‌ಗೆ ಹಚ್ಚೋ ಸಿಲಿಕಾನ್!

ಆವಾಗ ನೆನಪಾಯ್ತು, ಹೋದ ದೀಪಾವಳಿ ಟೈಮಾಗೆ ಟೈಮಿಂಗ್ ಕವರ್ ಹತ್ರ ಆಯಿಲ್ ಒಸರ್ತೈತೆ ಅಂತ ಬೇರೆ ಕಡೆ ಬಿಡಿಸಿ ಹಾಕ್ಸಿದ್ದೆ. ಅಲ್ಲಿ ಸಿಲಿಕಾನ್ ಧಾರಾಳ ಬಳ್ದಾರೆ, ಕವರ್ ಟೈಟ್ ಮಾಡಿದಾಗ ಹೆಚ್ಚಾಗಿದ್ದು ಒಳಗಡೆಗೂ ಹಿಂಡಿ ಬಂದೈತೆ, ಆಯಿಲ್ ದಾರಿ ಪಕ್ಕದಾಗೇ ಇರೋದ್ರಿಂದ ಒಂದು ಚೂರು ಕಿತ್ಕೊಂಡು ಹರ್ಕೊಂಡು ಬಂದು ಇಲ್ಲಿ ಸಿಕ್ಕಾಕ್ಕೊಂಡೈತೆ ಅಂತ ಭಾಯ್ ಲೆಕ್ಕ. ಹೊರಗಡೆ ಎದ್ದು ಕಾಣೋ ಸಿಲಿಕಾನ್‌ನಷ್ಟೇ ಒಳಗೂ ಇರ್ತೈತೆ ಅಂತ ತಿಳ್ಕೊಳ್ಳಿ ಅಂದ್ರು. ಯಾರಾದ್ರೂ ಕವರ್ ಕೆಲಸ ಮಾಡ್ಸಿದ್ರೆ ನಿಂತು ನೋಡ್ರಿ, ಸಣ್ಣ ಗೆರೆ ಎಳೆದ್ರೆ ಸಾಕು ಅದಕ್ಕೆ.

ಕ್ಲೀನರ್ ಹೊಡೆದು, ತೊಳೆದು, ಗಾಳಿ ಬಿಟ್ಟು ಮತ್ತೆ ವೈರ್ ಮುಟ್ಟಿಸಿದ್ರು. ಟಕ್. ಇನ್ನೊಂದು ಸಲ, ಟಕ್. ಆ ಸದ್ದು ಕೇಳಿ ನಂಗೆ ಆದ ಸಮಾಧಾನ ಹೇಳಾಕ ಬರಲ್ಲ. ಹೊಸ ವಾಲ್ವ್ ಬೇಕಾದ್ರೆ ತರಿಸ್ತೀನಿ, ಮೂರು ಸಾವಿರದ ಮೇಲೆ ಆಗ್ತೈತೆ, ಆದ್ರೆ ಇದು ಕೆಲಸ ಮಾಡ್ತೈತೆ, ನಿಮ್ಮಿಷ್ಟ ಅಂದ್ರು. ಹಳೇದೇ ಹಾಕ್ಸಿದೆ. ಆಯಿಲ್ ಒಸರದಂಗೆ ತಡೆಯೋ ರಬ್ಬರ್ ಓ-ರಿಂಗ್ ಗಟ್ಟಿಯಾಗಿತ್ತು, ಅದು ಹೊಸದು. ದಪ್ಪ ಆಯಿಲ್ ಇಳಿಸಿ 5ಡಬ್ಲ್ಯೂ30 ಹಾಕಿ ಫಿಲ್ಟರ್ ಬದಲಿಸಿದ್ರು. ಎಲ್ಲಾ ಸೇರಿ 2,740 ರೂಪಾಯಿ, ಅದ್ರಾಗೆ ಕೂಲಿ ಬರೀ 600. 38 ಸಾವಿರ ಎಲ್ಲಿ, ಇದೆಲ್ಲಿ.

ಸ್ಕ್ಯಾನರ್ ಕೊನೇಗೆ ತೆಗೆದ್ರು. ಎರಡು ಗೆರೆ ಬರ್ತಾವೆ, ಒಂದು ಇಸಿಯು ಕೇಳಿದ ಡಿಗ್ರಿ, ಇನ್ನೊಂದು ಕ್ಯಾಮ್ ನಿಜವಾಗಿ ನಿಂತಿರೋ ಡಿಗ್ರಿ. ನೀವೇ ಎಕ್ಸಲೇಟರ್ ಒತ್ರಿ ಸಾರ್ ಅಂತ ನನ್ನ ಕೂಡ್ಸಿದ್ರು, ಒತ್ತಿದ್ರೆ ಎರಡೂ ಗೆರೆ ಜೊತೆಜೊತೆಗೆ ಏರ್ತಾವೆ, ಬಿಟ್ರೆ ಜೊತೆಗೇ ಸೊನ್ನೆಗೆ ಬರ್ತಾವೆ. ದುಡ್ಡು ತಗೊಳ್ಳೋ ಮೊದಲು ಕೆಲಸ ಆಗೈತೆ ಅಂತ ಗಿರಾಕಿ ಕಣ್ಣಿಗೇ ಇಷ್ಟು ಚೆನ್ನಾಗಿ ತೋರ್ಸಿದ ಮೆಕ್ಯಾನಿಕ್ಕು ನಂಗೆ ಇದುವರೆಗೂ ಸಿಕ್ಕಿರ್ಲಿಲ್ಲ.

ಈ ಕೆಲಸ ದೊಡ್ಡ ಊರಿಗೇ ತಗೊಂಡು ಹೋಗ್ಬೇಕು, ಇದು ಹೊಸ ಟೆಕ್ನಾಲಜಿ ಅಂತ ಹೆದರಿಸೋರು ಅದಾರೆ. ಕ್ಯಾಮ್ ಟೈಮಿಂಗ್ ಬದಲಾಗೋ ಗಾಡಿ ಆಲ್ಫಾ ರೋಮಿಯೋದವ್ರು 1980ರಾಗೇ ಮಾರ್ಕೆಟ್ಟಿಗೆ ಬಿಟ್ಟಿದ್ರು, ಟೊಯೋಟಾ ವಿವಿಟಿ-ಐ ಬಂದಿದ್ದು ತೊಂಬತ್ತರ ದಶಕದಾಗೆ. ಈಗ ನಮ್ಮ ಸಣ್ಣ ಗಾಡಿಗಳಾಗೂ ಇರೋದು ಇದೇ.

ಕೊರತೆನೂ ಹೇಳ್ಬೇಕು. ಗಲ್ಲಿ ಭಾಳ ಇಕ್ಕಟ್ಟು, ದೊಡ್ಡ ಗಾಡಿ ಇದ್ರೆ ರಿವರ್ಸ್‌ನಾಗೇ ಹೊರಗೆ ಬರ್ಬೇಕು. ಕೂರಾಕ ಒಂದು ಬೆಂಚು, ಅದೂ ಬಿಸಿಲಿಗೆ. ಫೋನ್ ಎತ್ತಲ್ಲ. ಬಿಲ್ ಅಂದ್ರೆ ಚೀಟಿ ಮೇಲೆ ಬರೆದು ಕೊಡ್ತಾರೆ, ಫೋನ್‌ಪೇ ನಡೀತೈತೆ. ಸಂಜೆ ನಾಲ್ಕಕ್ಕೆ ಕೊಡ್ತೀನಿ ಅಂದಿದ್ದು ಆರೂವರೆ ಆಯ್ತು. ಬೋಲ್ಟ್ ಟೈಟ್ ಮಾಡಾಕ ಟಾರ್ಕ್ ರೆಂಚ್ ಇಲ್ಲ, ಕೈ ಅಂದಾಜು. ಅಲ್ಯೂಮಿನಿಯಂ ಹೆಡ್ಡಿನ ಸಣ್ಣ ಬೋಲ್ಟಿಗೆ ಅದೊಂದು ಇದ್ದಿದ್ರೆ ಚೆನ್ನಾಗಿತ್ತು ಅನ್ನಿಸ್ತು, ಆದ್ರೆ ಇಲ್ಲಿವರೆಗೂ ಒಂದು ಹನಿ ಒಸರಿಲ್ಲ.

ಹೋಗೋರು ಶುಕ್ರವಾರ ಮಧ್ಯಾಹ್ನ ಬಿಟ್ಟು ಹೋಗ್ರಿ, ನಮಾಜಿಗೆ ಶೆಡ್ಡು ಮುಚ್ಚಿರ್ತೈತೆ. ಬೆಳಿಗ್ಗೆ ಒಂಬತ್ತರೊಳಗೆ ಗಾಡಿ ಬಿಟ್ರೆ ಎಂಜಿನ್ ಆರೋವರೆಗೂ ಕಾಯೋದು ತಪ್ತೈತೆ, ಹಳೇ ಆಯಿಲ್ ಬಿಲ್ ಇದ್ರೆ ತಗೊಂಡು ಹೋಗ್ರಿ.

ಎರಡು ತಿಂಗಳಾಯ್ತು, 3,100 ಕಿಲೋಮೀಟರ್ ಓಡೈತೆ, ಲೈಟ್ ಬಂದಿಲ್ಲ, ಮೈಲೇಜ್ 16.5ಕ್ಕೆ ಬಂದೈತೆ. ಒಳಗೆ ಇನ್ನೂ ಸಿಲಿಕಾನ್ ಚೂರು ಇರ್ಬಹುದು, 5,000 ಆದ್ಮೇಲೆ ಬರ್ರಿ, ಜಾಲರಿ ಮತ್ತೊಂದು ಸಲ ತೆಗೆದು ನೋಡ್ತೀನಿ, ಅದಕ್ಕೆ ಕೂಲಿ ಬೇಡ ಅಂದಾರೆ ಭಾಯ್. ಏನು ಸಿಕ್ತು ಅಂತ ಆವಾಗ ಇಲ್ಲೇ ಸೇರಿಸ್ತೀನಿ.